ಆಯಿ ಒಗೆಯುತ್ತಿದ್ದ ಕಲ್ಲು

ನೀರು ಬಿದ್ದ ಕೆಂಪು ಕಲ್ಲಿಗೆ ಒಂದು ವಾಸನೆಯಿದೆ. ಬಿಸಿಲಿಗೆ ಕಾದ ಕಲ್ಲು, ಬಾರ್ ಸೋಪು, ಚೂರು ವಿಭೂತಿ, ಮೂರೂ ಕೂಡಿದ ವಾಸನೆ. ಕಲ್ಲಿಗೆಲ್ಲಿಯ ವಾಸನೆ ಎಂದು ನಗುವವರು ಇಳಕಲ್ಲಿನಲ್ಲಿ ಹುಟ್ಟಿದವರಲ್ಲ, ಅಷ್ಟೇ. ರಸ್ತೆ ಅಗಲ ಮಾಡುವಾಗ ಅಲ್ಲಿಯ ನಮ್ಮ ಮನೆ ಹೋಯಿತು. ಪಡಸಾಲೆ, ಗೋಡೆಯಾಚೆಯಿಂದ ಬರುತ್ತಿದ್ದ ಮಗ್ಗದ ಸಪ್ಪಳ, ಆಯಿ ರೊಟ್ಟಿ ಬಡಿಯುತ್ತಿದ್ದ ಮೂಲೆ, ಎಲ್ಲ ಹೋದವು. ಉಳಿದದ್ದು ಹಿತ್ತಲಲ್ಲಿದ್ದ ಒಗೆಯುವ ಕಲ್ಲು. ಅದನ್ನು ಬಾಗಲಕೋಟೆಯ ನನ್ನ ಮನೆಗೆ ಹೊರಿಸಿಕೊಂಡು ಬಂದೆ. ಹಟಮಾರಿ ಎಂದರು. ಇರಲಿ, ಹೌದು.

ಅಪ್ಪ ಕಲ್ಲು ಪಾಲಿಶ್ ಮಾಡುವ ಕಾರ್ಖಾನೆಯಲ್ಲಿದ್ದ. ಒಮ್ಮೆ, ತಲೆ ಕಮಾನಿನಂತೆ ದುಂಡಗಿದ್ದ ಒಂದು ಕಲ್ಲು ಮೂಲೆ ಮುಕ್ಕಾಯಿತೆಂದು ಬೇಡವಾಯಿತು. ಅಪ್ಪ ತಂದು ನುಣುಪು ಮೈ ಕೆಳಗೆ, ಒರಟು ಬೆನ್ನು ಮೇಲೆ ಮಾಡಿ ಹಾಕಿದ. ಅಪ್ಪನ ತಾಯಿ, ನಮ್ಮ ಆಯಿ, ವರ್ಷಗಟ್ಟಲೆ ಅದರ ಮೇಲೆ ಸೀರೆ ಒಗೆದಳು. ಆಮೇಲೆ ಅಪ್ಪ ಕಾರ್ಖಾನೆಯಿಂದ ಒಂದು ಚಿತ್ರಗಳ ಪುಸ್ತಕ ತಂದ. ಅವರ ಕಲ್ಲು ಹೋಗುವ ಪರದೇಶದ ಸ್ಮಶಾನಗಳು: ಕತ್ತರಿಸಿದ ಹಸಿರು ಹುಲ್ಲು, ಸಾಲಾಗಿ ನಿಂತ ಕಲ್ಲುಗಳು, ಹೂವಿನ ಗೊಂಚಲು. ಎಲ್ಲ ಕಲ್ಲಿನ ತಲೆಯೂ ದುಂಡಗೆ. ನಾನು ಓಡಿಹೋಗಿ, "ಆಯಿ, ನೀ ಗೋರಿ ಕಲ್ಲಿನ ಮ್ಯಾಲೆ ಅರಬಿ ಒಗ್ಯಾಕತ್ತೀದಿ" ಎಂದೆ. ಆಯಿ ಕೈಯಲ್ಲಿದ್ದ ಸೀರೆಯನ್ನು ಹಾಗೇ ಬಕೀಟಿಗೆ ಬಿಟ್ಟಳು.

ಸಂಜೆ ಅಪ್ಪನನ್ನು ನಿಲ್ಲಿಸಿ ಕೇಳಿದಳು. "ಮೊದಲ ಹೇಳಾಕ ಏನಾಗಿತ್ತು ನಿನಗ? ಯಾರ ಹೆಸರು ಬರೂದಿತ್ತೋ ಏನೋ. ಅವರ ಮ್ಯಾಲೆ ನಾ ಕಾಲ ಇಟ್ಟೇನಿ." ಅದರ ಮೇಲೆ ಯಾರ ಹೆಸರೂ ಇಲ್ಲವೆಂದು ಅಪ್ಪ ಎಷ್ಟು ಹೇಳಿದರೂ ಕೇಳಲಿಲ್ಲ. ಕಲ್ಲು ಬಿಡಲೂ ಇಲ್ಲ, ಬೇರೆ ಕಲ್ಲೆಲ್ಲಿದೆ? ಮರುದಿನದಿಂದ ಮೊದಲು ತಂಬಿಗೆ ನೀರು, ಒಂದು ಬೆರಳು ವಿಭೂತಿ, ಆಮೇಲೆ ಒಗೆತ. ಕಾಲು ಮಾತ್ರ ಮತ್ತೆ ಇಡಲಿಲ್ಲ, ನಮಗೂ ಇಡಗೊಡಲಿಲ್ಲ.

ಆಯಿ ತೀರಿಕೊಂಡಾಗ ಕಮತಗಿ ಹತ್ತಿರದ ನಮ್ಮ ಹೊಲದಲ್ಲಿ ಕೂರಿಸಿ, ಎಡಗೈಯಲ್ಲಿ ಲಿಂಗವಿಟ್ಟು, ವಿಭೂತಿ ಪತ್ರಿ ತುಂಬಿ ಮಣ್ಣು ಕೊಟ್ಟರು. ಮೇಲೆ ಕಲ್ಲು ಹೇರಬೇಡಿರೆಂದು ಅವಳೇ ಹೇಳಿದ್ದಳು. ಬೇವಿನ ಗಿಡದಿಂದ ಮೂಡಲಕ್ಕೆ ಇಪ್ಪತ್ತೊಂದು ಹೆಜ್ಜೆ: ಅಪ್ಪ ಅಳೆದು ಇಟ್ಟುಕೊಂಡ ಗುರುತು ಅಷ್ಟೇ. ಜೋಳ ಬೆಳೆಯಿತು, ಕಡಲೆ ಬೆಳೆಯಿತು. ದಿಬ್ಬ ನೆಲಕ್ಕೆ ಸೇರಿಹೋಯಿತು.

ನಾನು ಹೋದ ಊರಲ್ಲೆಲ್ಲ ಸ್ಮಶಾನ ನೋಡುವವಳು. ಬಾದಾಮಿಯ ಒಂದು ಖಬರಸ್ತಾನದಲ್ಲಿ ಸುಣ್ಣದ ಗೋರಿಗಳ ಮೇಲೆ ಗುಡ್ಡದ ಕೆಂಪು ಧೂಳು ಕೂತಿತ್ತು, ಆಡುಗಳು ನೆರಳಿಗೆ ಮಲಗಿದ್ದವು. ಮಂಗಳೂರಿನಲ್ಲಿ ಇಗರ್ಜಿಯ ಹಿಂದೆ ಶಿಲುಬೆಗಳು, ಕರಗಿದ ಮೇಣದಬತ್ತಿ, ಹಾವಸೆ, ಕಡಲ ಗಾಳಿ. ಅಲ್ಲೇ ಒಂದು ಕೆಂಪು ಕಲ್ಲು ಕಂಡಿತು. ಬಾಟಲಿಯ ನೀರು ಸುರಿದೆ. ನಮ್ಮೂರ ಬಣ್ಣ ಎದ್ದು ಬಂತು. ಯಾರದೋ ತಾಯಿಗೆ ನಮ್ಮ ಕಲ್ಲು, ನನ್ನ ಆಯಿಗೆ ಏನೂ ಇಲ್ಲ. ನನಗೆ ಅಳು ಬಂತು, ಆಮೇಲೆ ಸಿಟ್ಟು ಬಂತು. ಬಾಗಲಕೋಟೆಗೆ ಬಂದವಳೇ ಒಗೆಯುವ ಕಲ್ಲಿನ ನುಣುಪು ಮೈಗೆ ಆಯಿಯ ಹೆಸರು ಕೆತ್ತಿಸಿ, ಟೆಂಪೋದಲ್ಲಿ ಹೇರಿಸಿ, ಅಪ್ಪನನ್ನು ಕರೆದುಕೊಂಡು ಹೊಲಕ್ಕೆ ಹೋದೆ.

ಬೇವಿನ ಗಿಡ ಇತ್ತು. ಅಪ್ಪನಿಗೆ ಲೆಕ್ಕವೂ ನೆನಪಿತ್ತು. ಬೆನ್ನು ಕೊಟ್ಟು ನಿಂತು ಇಪ್ಪತ್ತೊಂದು ನಡೆದ, ನಿಂತ, ಸುತ್ತ ನೋಡಿದ. ತಿರುಗಿ ಬಂದು ಮತ್ತೆ ನಡೆದ. ಈ ಸಲ ಎರಡು ಮಾರು ಆಚೆ ನಿಂತ. ಮೂರನೆಯ ಸಲ ಅರ್ಧಕ್ಕೇ ನಿಂತು ತನ್ನ ಕಾಲು ನೋಡಿಕೊಂಡ.

"ಅವಾಗಿನ ಹೆಜ್ಜಿ ಅಲ್ಲವ್ವಾ ಇವು" ಎಂದ. "ನನ್ನ ಕಾಲ ಸಣ್ಣಾಗ್ಯಾವ."

ಇಷ್ಟು ವರ್ಷ ಆಯಿಯ ಜಾಗ ಹೊಲದಲ್ಲಿ ಭದ್ರವಾಗಿದೆ ಎಂದುಕೊಂಡಿದ್ದೆ, ಅದು ಅಪ್ಪನ ಕಾಲಲ್ಲಿತ್ತು. ಕಲ್ಲು ಎಲ್ಲಿ ಇಳಿಸಲಿ ಎಂದು ಟೆಂಪೋದವನು ಎರಡು ಸಲ ಕೇಳಿದ. ಅಪ್ಪ ನಿಧಾನಕ್ಕೆ ಬದುವಿಗೆ ಬಂದು ಅಲ್ಲೇ ಇಳಿಸಲು ಹೇಳಿದ. ಆಮೇಲೆ ನನ್ನ ಹೆಗಲು ಹಿಡಿದು ಚಪ್ಪಲಿ ಬಿಟ್ಟ.

"ಎಲ್ಲಿ ಕುಂತಾಳೋ ಗೊತ್ತಾಗೂದಿಲ್ಲ. ಇನ್ನ ಎಲ್ಲಿ ಕಾಲ ಇಟ್ಟರೂ ಅವ್ವನ ಮ್ಯಾಲೇ" ಎಂದ.

ಅಪ್ಪನೂ ಈಗಿಲ್ಲ. ಕಲ್ಲು ಬದುವಿನ ಮೇಲೇ ಇದೆ. ಹೊಲಕ್ಕೆ ಹೋದಾಗ ಅದಕ್ಕೊಂದು ತಂಬಿಗೆ ನೀರು ಹಾಕುತ್ತೇನೆ, ಆ ವಾಸನೆ ಏಳುತ್ತದೆ. ಅದರ ಪಕ್ಕ ಚಪ್ಪಲಿ ಬಿಟ್ಟು, ನಾಲ್ಕೆಕರೆಯನ್ನೂ ಬರಿಗಾಲಲ್ಲಿ ನಡೆಯುತ್ತೇನೆ.