ಕೋಡಿಯ ಮೇಲಿನ ಮೂಟೆಗಳು

ಬಾಗಿಲಲ್ಲಿ ಕಾಲೊರೆಸಲು ಹಾಸಿದ ಗೋಣಿಚೀಲ ಈ ಜಡಿಮಳೆಗೆ ನೆನೆದು ವಾಸನೆ ಹೊಡೆಯುತ್ತಿದೆ. ಎತ್ತಿ ಬಿಸಾಡಿ ಎನ್ನುತ್ತಾಳೆ ನನ್ನ ಹೆಂಡತಿ. ನನಗೋ ಆ ವಾಸನೆ ಬಂದರೆ ಸಿದ್ದಯ್ಯನೇ ಬಂದು ಅಂಗಳದಲ್ಲಿ ನಿಂತ ಹಾಗಾಗುತ್ತದೆ.

ಸಿದ್ದಯ್ಯ ನಮ್ಮೂರ ಕೆರೆಯ ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವವನು. ಏರಿಯ ಕೆಳಗೇ ಅವನ ಮನೆ. ಅರಸೀಕೆರೆ ಕಡೆಯವರಾದ ನಮಗೆ ನೀರು ಎಷ್ಟಿದ್ದರೂ ಸಾಲದು, ನಿಮಗೇ ಗೊತ್ತು. ಹೆಚ್ಚಾದ ನೀರು ಹರಿದುಹೋಗುವ ಕೋಡಿಯ ಮೇಲೂ ಮಣ್ಣು ತುಂಬಿದ ಗೋಣಿಮೂಟೆ ಪೇರಿಸಿ, ಗೇಣುದ್ದ ನೀರು ಹೆಚ್ಚಿಗೆ ನಿಲ್ಲಿಸಿಕೊಳ್ಳುತ್ತಿದ್ದೆವು. ಮನೆಗೊಂದು ಮೂಟೆ. ಇಂಥದ್ದರಲ್ಲೂ ಮರ್ಯಾದೆಗೆ ನಮ್ಮಲ್ಲಿ ಬರವಿರಲಿಲ್ಲ: ಮೊದಲ ಮೂಟೆ ಊರ ಯಜಮಾನರ ಮನೆಯಾದ ನಮ್ಮದು. ಕೆರೆ ತುಂಬಿ ಬಂದಾಗ ಅದನ್ನು ನಾವು ಎತ್ತದೆ ಬೇರೆಯವರು ತಮ್ಮದನ್ನು ಮುಟ್ಟುವಂತಿರಲಿಲ್ಲ.

ಎಪ್ಪತ್ತರ ದಶಕದ ಕೊನೆ. ನಾನು ಬಿ.ಎ. ಮುಗಿಸಿ, ಕೆಲಸವಿಲ್ಲದೆ, ರೇಡಿಯೋದ ಕಿವಿ ಹಿಂಡುತ್ತ ಊರಿಗೆಲ್ಲ ಲೋಕಜ್ಞಾನ ಹಂಚುತ್ತಿದ್ದೆ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ, ಮದರಾಸಿನ ಕಡೆ ಚಂಡಮಾರುತ ಎದ್ದಿದೆ, ಒಳನಾಡಿನಲ್ಲೂ ಮಳೆಯಾಗಬಹುದು ಎಂದು ವಾರ್ತೆ ಬಂತು. ಸ್ವಲ್ಪ ಹೊತ್ತಿಗೆ ಸಿದ್ದಯ್ಯ ಬಂದ.

"ಯಜಮಾನ್ರೇ, ಕೆರೆ ತುಂಬೈತೆ. ಮಾಲೇಕಲ್ಲು ಬೆಟ್ಟ ಮೋಡ ಕವ್ಕೊಂಡು ಮೂರು ದಿನದಿಂದ ಕಾಣ್ತಿಲ್ಲ. ಮೂಟೆ ಎತ್ತಿಸ್ಬುಡಿ."

ಅಪ್ಪ ನನ್ನತ್ತ ತಿರುಗಿದರು. "ರೇಡಿಯೋದಲ್ಲಿ ಏನಂದ್ರೋ?"

"ಸಮುದ್ರ ಇರೋದು ಮದರಾಸಲ್ಲಿ, ನಮ್ಮೂರಲ್ಲಲ್ಲ. ಇಲ್ಲಿಗೆಲ್ಲ ಚಂಡಮಾರುತ ಬರಲ್ಲ," ಎಂದೆ.

ಜಗಲಿಯಲ್ಲಿದ್ದವರು ನಕ್ಕರು. ಆ ನಗುವಿಗೆ ನಾನು ಎಷ್ಟು ಉಬ್ಬಿದ್ದೆನೆಂದು ಹೇಳಲು ಈಗಲೂ ನಾಚಿಕೆ. ಸಿದ್ದಯ್ಯನೂ ನಕ್ಕ. "ಓದಿದೋರು, ಸರಿಯಾಗೇ ಹೇಳ್ತೀರ," ಎಂದು ಹೊರಟುಹೋದ.

ಮಾರನೆಯ ದಿನ ಮಧ್ಯಾಹ್ನದವರೆಗೆ ಒಂದೇ ಸಮನೆ ಸುರಿಯಿತು. ಅಪ್ಪ ಮತ್ತು ನಾನು ಓಡಿಹೋಗಿ ನಮ್ಮ ಮೂಟೆ ಎತ್ತುವಷ್ಟರಲ್ಲಿ ನೀರು ಏರಿಯ ಮೇಲೆ ಹತ್ತಿತ್ತು. ಸಿದ್ದಯ್ಯ ಏರಿಯ ನಡುವೆ, ತೂಬು ಎತ್ತಲು ಹೆಣಗುತ್ತಿದ್ದ. ನಾವು ಕೂಗಿಕೊಂಡೆವು. ಏರಿ ಅವನ ಕಾಲ ಕೆಳಗೇ ಒಡೆಯಿತು. ಎರಡು ದಿನದ ಮೇಲೆ ಹೆಣ ತೆಂಗಿನ ತೋಟದ ಕೆಸರಿನಲ್ಲಿ ಸಿಕ್ಕಿತು.

ದಿಬ್ಬ ಹತ್ತಿ ಉಳಿದುಕೊಂಡಿದ್ದ ಅವನ ಹೆಂಡತಿ ನಿಂಗಮ್ಮ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಮೂಟೆ ನಾವೇ ಎತ್ತಾಕವ, ಯಾರೇನಂದ್ರೂ ಅನ್ಲಿ ಅಂದೆ ನಮ್ಮನೆಯೋರ್ಗೆ. ಚಿಕ್ಕ ಯಜಮಾನ್ರು ಬರಲ್ಲ ಅಂದವ್ರೆ, ಸುಮ್ನಿರು ಅಂದ್ರು," ಎಂದಳು, ಅಷ್ಟೇ.

ನಲವತ್ತು ವರ್ಷದ ಮೇಲಾಯಿತು. ಈಗ ಪಕ್ಕದ ಮನೆಯವರು ಗೇಟಿನ ಹತ್ತಿರ ಕೊಡೆ ಹಿಡಿದು ನಿಂತು, "ಮಳೆ ಇನ್ನೂ ಜೋರಾಗುತ್ತಾ ಸಾರ್?" ಎಂದು ಕೇಳುತ್ತಿದ್ದಾರೆ.

"ನನಗೆ ಗೊತ್ತಿಲ್ಲ," ಎಂದೆ.

ಅಂದು ಇಷ್ಟೇ ಅಂದಿದ್ದರೆ ಅಪ್ಪ ಮೂಟೆ ಎತ್ತಿಸುತ್ತಿದ್ದರು.