ಇಸ್ತ್ರಿ ಮಾಸ್ತರರ ನಾಲ್ಕು ಸ್ವರ

ರಾಯದುರ್ಗದ ಜೀನ್ಸ್ ಯೂನಿಟ್ಟಿನಲ್ಲಿ ನನ್ನ ಕೆಲಸ ಪ್ಯಾಂಟಿನ ಸೊಂಟಕ್ಕೆ ಬೆಲ್ಟಿನ ಲೂಪ್ ಹೊಲಿಯುವುದು. ಒಂದು ಪ್ಯಾಂಟಿಗೆ ಐದು ಲೂಪು. ಜೇಬು, ಜಿಪ್ಪು, ಕಾಲು ಯಾವುದೂ ನನಗೆ ಸಂಬಂಧವಿಲ್ಲ. ಮೂರು ವರ್ಷ ದುಡಿದ ಮೇಲೂ ಪೂರ್ತಿ ಒಂದು ಪ್ಯಾಂಟ್ ಹೊಲಿಯಲು ನನಗೆ ಬರುತ್ತಿರಲಿಲ್ಲ. ಮಡಕಶಿರಾ ಕಡೆಯ ನಮ್ಮೂರು ಬಿಟ್ಟು ಮೊದಲು ಬೆಂಗಳೂರಿನ ಗಾರ್ಮೆಂಟ್ಸಿಗೆ ಹೋಗಿದ್ದೆ. ಅಲ್ಲಿ ರೂಮಿನ ಜೊತೆಗಾರನೊಬ್ಬ ಗಿಟಾರ್ ಕಲಿಸಿದ. ಆ ಫ್ಯಾಕ್ಟರಿ ಮುಚ್ಚಿದಾಗ ಅವನು ಕೊಟ್ಟ ಹಳೆಯ ಗಿಟಾರನ್ನು ಬೆನ್ನಿಗೆ ಹಾಕಿಕೊಂಡು ರಾಯದುರ್ಗಕ್ಕೆ ಬಂದೆ.

ಹಾಡಿನ ನಡುವೆ ಹಾಡುವವರು ಸುಮ್ಮನಾಗಿ ಗಿಟಾರಿನವನೊಬ್ಬನನ್ನೇ ಬಿಡುತ್ತಾರಲ್ಲ, ಅದಕ್ಕೆ ಸೋಲೋ ಅನ್ನುತ್ತಾರೆ. ನನ್ನ ಪಾಲಿಗೆ ಸೋಲೋ ಅಂದರೆ ಸಿಕ್ಕಷ್ಟು ಹೊತ್ತಿನಲ್ಲಿ ಎಷ್ಟು ಸ್ವರ ತುರುಕಬಹುದು ಅನ್ನುವ ಲೆಕ್ಕ. ಮಧ್ಯಾಹ್ನ ಊಟದ ಬಿಡುವಿನಲ್ಲಿ ಯೂನಿಟ್ಟಿನ ಹಿಂದಿನ ಬೇವಿನ ಮರದ ಕೆಳಗೆ ಕೂತು ಬಾರಿಸುತ್ತಿದ್ದೆ. ಇಡೀ ದಿನ ಪೀಸು ಎಣಿಸುವ ಜನ ನನ್ನ ಸ್ವರವನ್ನೂ ಹಾಗೆಯೇ ಎಣಿಸುತ್ತಿದ್ದರು. "ಏನ್ ಸ್ಪೀಡ್ರಿ ಇವರ್ದು, ಮಷೀನಿಗಿಂತ ಜೋರು" ಎಂದು ಒಬ್ಬರು ಹೇಳಿದ್ದನ್ನು ನಾನು ಒಂದು ವಾರ ಮನಸ್ಸಿನಲ್ಲಿ ಹೊತ್ತುಕೊಂಡು ಓಡಾಡಿದೆ.

ಅದೇ ಯೂನಿಟ್ಟಿನಲ್ಲಿ ಇಸ್ತ್ರಿ ವಿಭಾಗದ ಮಾಸ್ತರರೊಬ್ಬರಿದ್ದರು. ಐವತ್ತರ ಹತ್ತಿರದವರು, ರಾಯದುರ್ಗದವರೇ. ಭಾನುವಾರಗಳಲ್ಲಿ ಮದುವೆ ಆರ್ಕೆಸ್ಟ್ರಾದಲ್ಲಿ ಗಿಟಾರ್ ಬಾರಿಸುತ್ತಿದ್ದರು. ಅವರ ಸೋಲೋದಲ್ಲಿ ಇದ್ದದ್ದು ನಾಲ್ಕೇ ಸ್ವರ. ಒಂದನ್ನು ಒತ್ತಿ, ತಂತಿ ಎಳೆದು, ಕಣ್ಣು ಮುಚ್ಚಿ, ತುಟಿ ಕಚ್ಚಿ ನಿಲ್ಲುತ್ತಿದ್ದರು. ಸ್ವರ ನಡುಗುತ್ತಿತ್ತು. ಮದುವೆಗೆ ಬಂದ ಹೆಂಗಸರು ಸೆರಗು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಹೆಂಡತಿ ಸತ್ತಿರಬೇಕು ಎಂದು ಕೆಲವರು, ಹಳೆಯ ಪ್ರೀತಿ ಎಂದು ಕೆಲವರು. ಹೆಂಡತಿ ಮನೆಯಲ್ಲಿ ಗಟ್ಟಿಮುಟ್ಟಾಗಿದ್ದುದರಿಂದ ಎರಡನೆಯದೇ ಊರಿನಲ್ಲಿ ನಿಂತಿತು.

ಒಂದು ಆಯುಧ ಪೂಜೆಯ ಬೆಳಿಗ್ಗೆ ಮಷೀನುಗಳಿಗೆಲ್ಲ ಕುಂಕುಮ ಹಚ್ಚಿ ಮುಗಿದ ಮೇಲೆ ಓನರು ನಮ್ಮಿಬ್ಬರನ್ನೂ ಕರೆದು ಬಾರಿಸಲು ಹೇಳಿದರು. ಗೆದ್ದವರಿಗೆ ಹಾಟ್ ಬಾಕ್ಸ್. ನಾನು ಕೈಯಲ್ಲಿದ್ದ ಅಷ್ಟೂ ವಿದ್ಯೆಯನ್ನು ಸುರಿದೆ. ಮಾಸ್ತರರು ನಾಲ್ಕು ಸ್ವರ ಬಾರಿಸಿ ಹಾಟ್ ಬಾಕ್ಸ್ ತೆಗೆದುಕೊಂಡು ಹೋದರು. ನನಗೆ ಸಮಾಧಾನದ ಬಹುಮಾನವಾಗಿ ಒಂದು ಜೀನ್ಸ್ ಪ್ಯಾಂಟ್ ಸಿಕ್ಕಿತು. ಬಿಡಿಸಿ ನೋಡಿದರೆ ರಿಜೆಕ್ಟ್ ಪೀಸು. ಲೂಪು ನಾಲ್ಕೇ ಇದ್ದವು.

ತಡೆಯಲಾರದೆ ಓನರನ್ನೇ ಕೇಳಿದೆ, ನನ್ನಲ್ಲಿ ಏನು ಕಮ್ಮಿಯಾಯಿತು ಎಂದು.

"ಕೈ ಬಾಳ ಚಲೋ ಐತಪ್ಪ ನಿಂದು" ಎಂದರು. "ಮುಖದಾಗ ಫೀಲಿಂಗ್ ಇಲ್ಲ. ರೇಷನ್ ಅಂಗಡಿ ಮುಂದ ನಿಂತಂಗ ಕಾಣ್ತಿ."

ಅಂದರೆ ಕೊರತೆ ಮುಖದ್ದು. ರೂಮಿನಲ್ಲಿ ಗೋಡೆಗೆ ಒಂದು ಕನ್ನಡಿ ತೂಗುಹಾಕಿ ಭಾವದ ಅಭ್ಯಾಸ ಶುರುಮಾಡಿದೆ. ಹುಬ್ಬು ಮೇಲೆತ್ತುವುದಕ್ಕೆ ಎರಡು ದಿನ, ಕೆಳತುಟಿ ಕಚ್ಚುವುದಕ್ಕೆ ಒಂದು ವಾರ. ಕತ್ತು ಹಿಂದಕ್ಕೆ ಚೆಲ್ಲಿದರೆ ತಂತಿ ಕಾಣುತ್ತಿರಲಿಲ್ಲ, ತಪ್ಪು ಸ್ವರ ಬೀಳುತ್ತಿತ್ತು. ಬಿದ್ದರೆ ಬೀಳಲಿ, ಭಾವ ಮುಖ್ಯ ಎಂದುಕೊಂಡೆ.

ಆ ಮಾಘದಲ್ಲಿ ಮಡಕಶಿರಾದಲ್ಲಿ ಚಿಕ್ಕಪ್ಪನ ಮಗಳ ಮದುವೆ. ಮುಹೂರ್ತ ಮುಗಿದು ಊಟದ ಪಂಕ್ತಿ ಕೂತಾಗ ಛತ್ರದ ವೇದಿಕೆ ಹತ್ತಿ ಗಿಟಾರ್ ಹಿಡಿದೆ. ಕಣ್ಣು ಮುಚ್ಚಿದೆ, ತುಟಿ ಕಚ್ಚಿದೆ, ಸೊಂಟದಿಂದ ಮುಂದಕ್ಕೆ ಬಾಗಿ ನರಳುವವನಂತೆ ತಂತಿ ಎಳೆದೆ. ಊಟದ ಗದ್ದಲ ನಿಂತಿತು. ಗೆದ್ದೆ ಎಂದುಕೊಳ್ಳುವಷ್ಟರಲ್ಲಿ ಯಾರೋ ಭುಜ ಹಿಡಿದರು. ಕಣ್ಣು ಬಿಟ್ಟರೆ ನಮ್ಮ ದೊಡ್ಡಮ್ಮ, ಕೈಯಲ್ಲಿ ಜೀರಿಗೆ ನೀರಿನ ಲೋಟ.

"ಹೊಟ್ಟೆ ನುಲೀತೈತೇನಪ್ಪಾ? ಮೊದ್ಲು ಇದ್ನ ಕುಡಿ. ಆಮೇಲೆ ಬಾರ್ಸುವಂತೆ."

ಮೈಕು ಆನ್ ಆಗಿತ್ತು. ಇಡೀ ಛತ್ರಕ್ಕೆ ಕೇಳಿಸಿತು. ಪಂಕ್ತಿಯಲ್ಲಿ ಕೂತ ಹಿರಿಯರೊಬ್ಬರು ಗ್ಯಾಸು ಎಂದರು, ಇನ್ನೊಬ್ಬರು ಅದು ಗ್ಯಾಸಲ್ಲ, ಕಲ್ಲು ಎಂದರು. ಪಾಯಸ ಬರುವ ತನಕ ನನ್ನ ಹೊಟ್ಟೆಯೇ ಮಾತು. ನಾನು ದೊಡ್ಡಮ್ಮನ ಎದುರಿಗೆ ಜೀರಿಗೆ ನೀರು ಪೂರ್ತಿ ಕುಡಿದೆ. ಬೇರೆ ದಾರಿ ಇರಲಿಲ್ಲ.

ರಾಯದುರ್ಗಕ್ಕೆ ಹಿಂತಿರುಗಿದ ಭಾನುವಾರ ಬೆಳಿಗ್ಗೆಯೇ ಗುಡ್ಡದ ಕೆಳಗಿನ ಮಾಸ್ತರರ ಮನೆಗೆ ಹೋದೆ. ಚಾಪೆ ಹಾಸಿ ಕೂರಿಸಿದರು. ಮುಚ್ಚುಮರೆಯಿಲ್ಲದೆ ಕೇಳಿದೆ.

"ಅಣ್ಣಾ, ಆ ಸ್ವರ ಬಾರ್ಸುವಾಗ ನಿಮ್ಗೆ ಯಾರು ನೆನಪಾಗ್ತಾರೆ?"

ಅವರು ಎಡಗೈ ಮುಂದೆ ಚಾಚಿದರು. ನಡುಬೆರಳು, ಉಂಗುರದ ಬೆರಳುಗಳ ತುದಿಯ ಚರ್ಮ ಸುಲಿದು ಕೆಂಪಗಿತ್ತು. ಹಳೆಯ ಸುಟ್ಟ ಕಲೆಯ ಮೇಲೆ ಹೊಸದು.

"ಇಸ್ತ್ರಿಪೆಟ್ಟಿಗಿ ಬಲಗೈಯಾಗ ಇರ್ತೈತಿ ತಮ್ಮಾ. ಬಟ್ಟಿ ಸರಿಮಾಡೋದು ಎಡಗೈ. ದಿನಾ ಸುಡತೈತಿ. ತಂತಿ ಒತ್ತಿದ್ರ ಜೀವ ಹೋದಂಗ ಆಗತೈತಿ."

"ಹಂಗಾರೆ ಆ ನಡುಕ?"

"ನೋವಿಗೆ ಬೆರಳು ನಡುಗತಾವು."

"ಕಣ್ಣು ಮುಚ್ಚೋದು?"

"ಬಿಟ್ರ ನೀರು ಬರತೈತಿ."

"ನಾಕೇ ಸ್ವರ ಯಾಕಣ್ಣಾ?"

"ಐದನೇದು ತಡಕೊಳ್ಳಾಕ ಆಗಂಗಿಲ್ಲ."

ಆ ಬೆರಳುಗಳ ಮೇಲಿನಿಂದ ಕಣ್ಣು ತೆಗೆಯಲಾಗಲಿಲ್ಲ. ಇಡೀ ಊರು ಈ ಕೈಯನ್ನು ನೋಡಿತ್ತು, ಯಾರೂ ಕಂಡಿರಲಿಲ್ಲ.

"ಜನ ಅಳ್ತಾರಲ್ಲಣ್ಣಾ" ಎಂದೆ.

"ಅಳ್ತಾರ. ಬ್ಯಾಡ್ರಿ ಅಂತ ಹೆಂಗ ಹೇಳ್ಲಿ?" ಆಮೇಲೆ ದನಿ ತಗ್ಗಿಸಿ, "ನನಗ ಅಳೋ ಸಂಗೀತ ಸೇರಂಗಿಲ್ಲ ತಮ್ಮಾ. ನಿನ್ನಂಗ ಓಡಿಸಿ ಓಡಿಸಿ ಬಾರಿಸಬೇಕಂತ ಬಾಳ ಆಸೆ ಐತಿ. ಕಲಸ್ತೀಯೇನು?" ಎಂದರು.

ತೋರುಬೆರಳು, ಕಿರುಬೆರಳು ಎರಡಕ್ಕೂ ಸುಟ್ಟ ಗಾಯ ಇರಲಿಲ್ಲ. ತಂತಿ ಎಳೆಯಲು ಅವುಗಳ ಬಲ ಸಾಲದು, ಓಡಿಸಲು ಸಾಕು. ಆ ಎರಡರಲ್ಲೇ ಆಗುವಂತೆ ಒಂದು ಓಟದ ತುಣುಕು ಮಾಡಿಕೊಟ್ಟೆ. ಭಾನುವಾರ ಭಾನುವಾರ ಕೂತೆವು. ಕಿರುಬೆರಳು ಮಾತು ಕೇಳುತ್ತಿರಲಿಲ್ಲ. ಅವರು ಅದನ್ನು ಬೈಯುತ್ತಿದ್ದರು, ಮತ್ತೆ ಸುರುವಿನಿಂದ ಬಾರಿಸುತ್ತಿದ್ದರು. ಅಷ್ಟು ಶ್ರದ್ಧೆಯಿಂದ ನಾನು ಎಂದೂ ಕಲಿತಿರಲಿಲ್ಲ.

ಮುಂದಿನ ಆಯುಧ ಪೂಜೆಗೆ ಅವರು ಅದನ್ನು ಎಲ್ಲರೆದುರು ಬಾರಿಸಿದರು. ಎರಡು ಕಡೆ ತಪ್ಪಿದರು, ಒಂದು ಕಡೆ ತಾಳ ಬಿಟ್ಟರು. ಕಣ್ಣು ತೆರೆದಿದ್ದವು. ಬಾಯಿ ತುಂಬ ನಗುತ್ತಿದ್ದರು. ಆ ಮನುಷ್ಯ ಗಿಟಾರ್ ಹಿಡಿದು ನಕ್ಕದ್ದನ್ನು ಯೂನಿಟ್ಟಿನವರು ಅಂದೇ ಮೊದಲು ನೋಡಿದ್ದು, ಒಬ್ಬರಿಗೂ ಹಿಡಿಸಲಿಲ್ಲ.

"ಮಾಸ್ತರಿಗೆ ಏನಾತ್ರಿ? ಫೀಲಿಂಗ್ ಎಲ್ಲಾ ಹೋತು" ಎಂದು ದಾರ ಕತ್ತರಿಸುವ ಹೆಂಗಸರು ಮರುಗಿದರು. ಮಡಕಶಿರಾ ಕಡೆಯವನು ಸೇರಿ ಕೆಡಿಸಿದ ಎಂದು ಓನರು ನನ್ನನ್ನೇ ನೋಡುತ್ತ ಹೇಳಿದರು.

ಮದುವೆಗಳಲ್ಲೂ ಓಟವನ್ನೇ ಬಾರಿಸತೊಡಗಿದ ಮಾಸ್ತರರನ್ನು ಬಿಟ್ಟು ಆರ್ಕೆಸ್ಟ್ರಾದವರು ನನ್ನನ್ನು ಕರೆದರು, ನಾಲ್ಕು ಸ್ವರಕ್ಕಿಂತ ಹೆಚ್ಚು ಬಾರಿಸಬಾರದು ಎಂಬ ಷರತ್ತಿನ ಮೇಲೆ. ನಾನು ಮಾಸ್ತರರ ಅಪ್ಪಣೆ ಕೇಳಿ ಒಪ್ಪಿಕೊಂಡೆ. ಕಣೇಕಲ್ಲಿನ ಒಂದು ಮದುವೆಯಲ್ಲಿ ನಾಲ್ಕು ಸ್ವರವನ್ನು ಎಳೆದೆಳೆದು ಬಾರಿಸುತ್ತ, ಕೊನೆಯ ಪಂಕ್ತಿಗೆ ಹೋಳಿಗೆ ಉಳಿದೀತೋ ಇಲ್ಲವೋ ಎಂದು ಯೋಚಿಸುತ್ತಿದ್ದೆ. ಮುಂದಿನ ಸಾಲಿನ ಅಜ್ಜಿಯೊಬ್ಬರು ಬಿಕ್ಕಿದರು. ನಾನು ಅವರ ಕಡೆ ನೋಡಲಾಗದೆ ತಲೆ ತಗ್ಗಿಸಿದೆ. ಅದನ್ನೂ ಜನ ಭಾವವೆಂದೇ ತಿಳಿದರು.

ಮರುದಿನ ಮಾಸ್ತರರಿಗೆ ಇದನ್ನೆಲ್ಲ ಹೇಳಬೇಕೆಂದು ಹೋದರೆ ಅವರಿಗೆ ಕೇಳುವ ವ್ಯವಧಾನವಿರಲಿಲ್ಲ. ತಾವೇ ಕಟ್ಟಿದ ಹೊಸ ಓಟವೊಂದು ಹತ್ತನೆಯ ಸಲಕ್ಕೆ ಸರಿಯಾಗಿ ಬಂದಿತ್ತು. ಒಳಗಿನಿಂದ ಅವರ ಹೆಂಡತಿ, "ಸಾಕು ಮಾಡ್ರಿ, ಕುಕ್ಕರ್ ಸೀಟಿ ಕೇಳಂಗಿಲ್ಲ" ಎಂದರು. ಮಾಸ್ತರರು ತಲೆಯಾಡಿಸಿ, ಮತ್ತೊಮ್ಮೆ ಸುರುವಿನಿಂದ ಹಿಡಿದರು.