ಮಸ್ತಾನಸಾಬರ ಎರಡು ಸಾವಿರ ಮದುವೆ

ದಾವಣಗೆರೆ ನಿಟ್ಟುವಳ್ಳಿಯ ಮಸ್ತಾನಸಾಬರು ಮೂವತ್ತು ವರ್ಷದಲ್ಲಿ ಎರಡು ಸಾವಿರ ಮದುವೆಯ ವಿಡಿಯೋ ತೆಗೆದವರು. ಜನ ಒಂದು ಸಲ ನೋಡಿ, ತಮ್ಮ ಮುಖ ಕಪ್ಪಗೆ ಬಂದಿದೆಯೆಂದು ಗೊಣಗಿ, ಕ್ಯಾಸೆಟ್ಟನ್ನು ಬೀರುವಿನಲ್ಲಿ ಹೂತಿಟ್ಟರು. ಸಾಬರು ಮಾತ್ರ ಒಂದೊಂದರ ಪ್ರತಿಯನ್ನೂ ಕಾಪಾಡಿದರು. ಹುಡುಕಬೇಕಾದರೆ ಅವರ ತಲೆಯೇ ಪಟ್ಟಿ: ಕರೆಂಟ್ ಹೋದ ಮದುವೆ, ಬೀಗರು ಸಿಟ್ಟಾಗಿ ಎದ್ದುಹೋದ ಮದುವೆ. ತೊಂದರೆಯೆಂದರೆ, ಬೀಗರು ಸಿಟ್ಟಾಗದ ಮದುವೆ ದಾವಣಗೆರೆಯಲ್ಲಿ ಇನ್ನೂ ಆಗಬೇಕಷ್ಟೆ.

ಅದಕ್ಕೇ ಮಗ ಅತೀಕ್ ಎಲ್ಲವನ್ನೂ ಕಂಪ್ಯೂಟರಿಗೆ ತುಂಬಿಸಿದ. ವಿಡಿಯೋದಲ್ಲಿ ಕಂಡದ್ದಕ್ಕೆಲ್ಲ ಅದು ತಾನೇ ಹೆಸರಿಟ್ಟು ಪಟ್ಟಿ ಮಾಡುತ್ತದಂತೆ.

“ಅಬ್ಬಾ, ಇನ್ನ ನಿಮ್ ತಲೆಗೆ ರೆಸ್ಟು,” ಎಂದ ಅಪ್ಪನಿಗೆ.

ಸಾಬರಿಗೆ ಅದು ನಿವೃತ್ತಿಯ ಆದೇಶದಂತೆ ಕೇಳಿಸಿತು.

ಹುಡುಕಿಸಲು ಮೊದಲು ಬಂದವಳು ಹರಿಹರದ ಆಶಾ, ಕಂಕುಳಲ್ಲಿ ನಾಲ್ಕು ವರ್ಷದ ಮಗಳು. ಮದುವೆ ಮನೆಗಳಲ್ಲಿ ಒಗ್ಗರಣೆ ಮಂಡಕ್ಕಿ ಮಾಡುತ್ತಿದ್ದ ಅವಳ ತಾಯಿ ಚೌಡವ್ವ ತೀರಿಕೊಂಡು ಆರು ವರ್ಷ.

“ಅವ್ವಂದು ಆಧಾರ್ ಕಾರ್ಡಿನ ಫೋಟೋ ಒಂದೇ ಐತ್ರಿ ಸಾಬ್ರೆ. ಅದ್ರಾಗೆ ಪೊಲೀಸ್ರು ಹಿಡ್ಕೊಂಡು ಬಂದಂಗೆ ಕುಂತಾಳೆ. ಮಗಳು ಅಜ್ಜಿನ್ನ ನೋಡೇ ಇಲ್ಲ. ಓಡಾಡಿದ್ದು, ಮಾತಾಡಿದ್ದು ನಿಮ್ ವಿಡಿಯೋದಾಗೆ ಎಲ್ಯಾರ ಐತೇನ್ರಿ?”

ಅತೀಕ್ ಆ ಫೋಟೋ ಕೊಟ್ಟು ಹುಡುಕಿದ. ಕಂಪ್ಯೂಟರು ಮೀಸೆಯ ಅಡುಗೆಭಟ್ಟರೊಬ್ಬರನ್ನು ತೋರಿಸಿತು. ‘ಮಂಡಕ್ಕಿ’ ಎಂದು ಹೊಡೆದ. ಇಲ್ಲವಂತೆ! ಎರಡು ಸಾವಿರ ಮದುವೆಯಲ್ಲಿ ಒಂದು ಹಿಡಿ ಮಂಡಕ್ಕಿ ಇಲ್ಲ, ಅದೂ ದಾವಣಗೆರೆಯಲ್ಲಿ! ಆಶಾಳ ಮುಖ ಬಾಡಿತು.

“ಭಾಳ ಓದಿದ ಯಂತ್ರ ಬಿಡಪ್ಪ,” ಎಂದರು ಸಾಬರು. “ಯಾವುದಾರ ಒಂದು ಮದುವೆ ತಿಂಡಿ ತೆಗಿ. ಇದು ಏನಂತ ಹೆಸರಿಟ್ಟೈತೆ ನೋಡಾನ.”

ತೆಗೆದ. ಮಠದ ಸ್ವಾಮಿಗಳು ಬಂದಿದ್ದ ಮದುವೆ. ತಟ್ಟೆಯ ಮಿರ್ಚಿ ಬಜ್ಜಿಗೆ ಕಂಪ್ಯೂಟರು ‘ಮೀನು’ ಎಂದಿತ್ತು. ಪಕ್ಕದಲ್ಲಿ ಕ್ಯಾಮೆರಾ ಲೈಟಿಗೆ ಬೆಳ್ಳಗೆ ಹೊಳೆಯುತ್ತಿದ್ದ ಮಂಡಕ್ಕಿ ರಾಶಿಗೆ ‘ಹಿಮ’.

‘ಹಿಮ’ ಹುಡುಕಿದರೆ ಮುನ್ನೂರು ಮದುವೆಗಳಲ್ಲಿ ಹಿಮಪಾತ. ಸುಡುವ ಏಪ್ರಿಲ್ಲಿನಲ್ಲೂ ಬಿಟ್ಟಿಲ್ಲ. ಒಂದೊಂದೇ ನೋಡುತ್ತ ಹೋದರು. ಹನ್ನೊಂದನೆಯದಕ್ಕೆ ಆಶಾ ಚೀರಿದಳು, “ನಿಲ್ಸ್ರಿ, ನಿಲ್ಸ್ರಿ!”

ಹರಿಹರದ ಕಲ್ಯಾಣ ಮಂಟಪ. ಮೊಣಕೈತನಕ ಮಂಡಕ್ಕಿಯಲ್ಲಿ ಕೈಯಿಟ್ಟು ಕಲಸುತ್ತಿದ್ದ ಚೌಡವ್ವ ತಲೆಯೆತ್ತಿ ನೇರ ಕ್ಯಾಮೆರಾಕ್ಕೇ ಬೈದಳು:

“ಏ ಸಾಬ್ರೆ, ಮದುಮಗಳ್ನ ಬಿಟ್ಟು ನನ್ ಮಾರಿ ಏನ್ ತೆಗಿತೀರಿ? ಲೈಟ್ ಆಕಡೆ ತಿರುಗಿಸ್ರಿ, ಕಣ್ ಕುಕ್ತೈತೆ!”

ಆಶಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅತೀಕ್ ಪೆಚ್ಚಾಗಿ, “ಹಿಮ ಅಳಿಸಿ ಮಂಡಕ್ಕಿ ಅಂತ ಹಾಕ್ತೀನಬ್ಬಾ,” ಎಂದ.

“ಮೊದ್ಲು ಚೌಡವ್ವ ಅಂತ ಹಾಕು,” ಎಂದರು ಸಾಬರು.

ಮಗು ತಾಯಿಯ ಗಲ್ಲ ಹಿಡಿದು ತಿರುಗಿಸಿತು.

“ಅಮ್ಮ, ಅಜ್ಜಿ ಇನ್ನೊಂದ್ಸಲ ಬೈಲಿ.”